ಸಮ್ಮಿಲನ-ವಿದಳನ ಸಂಕರ ಸ್ಥಾವರ: ಭರವಸೆಯ ಬೆಳಕು, ಬೂದಿಯ ಲೆಕ್ಕ

(ಮಲೆನಾಡಿನ ಗ್ರಾಮಸ್ಥರು ಹಾಗೂ ಕಾಲೇಜು ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಮಂಡಿಸಿದ ಉಪನ್ಯಾಸದ ಪಾಠ)



ಪರಮಾಣು ವಿದ್ಯುತ್ತಿನ ಪರವಾಗಿ ಮಂಡಿಸಲಾಗುವ ವಾದಗಳಲ್ಲಿ ಈಗ ಒಂದು ಹೆಸರು ಮತ್ತೆ ಮತ್ತೆ ಕೇಳಿಬರುತ್ತಿದೆ. ಅದೇ ಸಂಕರ ಸ್ಥಾವರ. ಸೂರ್ಯನ ಗರ್ಭದಲ್ಲಿ ನಡೆಯುವ ಸಮ್ಮಿಲನ ಕ್ರಿಯೆಯನ್ನೂ ಇಂದಿನ ಅಣುಸ್ಥಾವರಗಳಲ್ಲಿ ನಡೆಯುವ ವಿದಳನ ಕ್ರಿಯೆಯನ್ನೂ ಒಂದೇ ಯಂತ್ರದಲ್ಲಿ ಜೋಡಿಸುವುದು ಇದರ ಉದ್ದೇಶ. ಹೀಗೆ ಜೋಡಿಸಿದರೆ ಹಳೆಯ ಸ್ಥಾವರಗಳ ತ್ಯಾಜ್ಯವನ್ನು ಸುಡಬಹುದು, ಕೇರಳದ ಮರಳಿನಲ್ಲಿರುವ ಥೋರಿಯಂ ಅನ್ನು ಇಂಧನವಾಗಿಸಬಹುದು, ಬೇಕೆಂದಾಗ ಗುಂಡಿ ಒತ್ತಿ ನಿಲ್ಲಿಸಬಹುದು ಎಂಬುದು ಇದರ ಪ್ರತಿಪಾದಕರ ಮಾತು.

ಕೈಗಾ ಅಣುಸ್ಥಾವರವನ್ನು ಒಡಲಲ್ಲಿ ಇಟ್ಟುಕೊಂಡಿರುವ ಉತ್ತರ ಕನ್ನಡಕ್ಕೂ, ಅದರ ನೆರೆಯ ಮಲೆನಾಡಿಗೂ ಇದು ದೂರದ ಸಂಗತಿಯಲ್ಲ. ಕಾಳಿ ಕಣಿವೆಯಲ್ಲಿ ತಲಾ 220 ಮೆಗಾವಾಟ್ ಸಾಮರ್ಥ್ಯದ ನಾಲ್ಕು ಘಟಕಗಳಿವೆ. ಕೇಂದ್ರ ಸಚಿವ ಸಂಪುಟವು 2017ರ ಮೇ ತಿಂಗಳಿನಲ್ಲಿ ಅನುಮೋದಿಸಿದ 10 ಸ್ವದೇಶಿ ಭಾರಜಲ ರಿಯಾಕ್ಟರುಗಳಲ್ಲಿ ಎರಡು ಕೈಗಾಕ್ಕೆ ಗೊತ್ತಾದವು. ಅವು ತಲಾ 700 ಮೆಗಾವಾಟ್‌ನವು. ಅಲ್ಲಿ ಶೇಖರವಾಗುವ ತ್ಯಾಜ್ಯದ ಗತಿಯೇನು ಎಂಬ ಪ್ರಶ್ನೆಗೆ, ಮುಂದೆ ಅದನ್ನು ಸುಡುವ ಯಂತ್ರ ಬರಲಿದೆ ಎಂಬ ಉತ್ತರ ದೊರೆಯುವಾಗ, ಆ ಯಂತ್ರವೆಂದರೇನು ಎಂಬುದನ್ನು ತಿಳಿಯುವುದು ಇಲ್ಲಿನ ಜನರ ಅಗತ್ಯವೂ ಹೌದು, ಹಕ್ಕೂ ಹೌದು.

ಎರಡು ಕ್ರಿಯೆಗಳು

ಮೊದಲು ವಿದಳನ. ಯುರೇನಿಯಂ-235ರ ಭಾರವಾದ ಬೀಜಕ್ಕೆ ಒಂದು ನ್ಯೂಟ್ರಾನ್ ತಗುಲಿದಾಗ ಅದು ಎರಡು ಹೋಳಾಗುತ್ತದೆ. ಆಗ ಸುಮಾರು 200 ದಶಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯೂ, ಎರಡು ಮೂರು ಹೊಸ ನ್ಯೂಟ್ರಾನ್‌ಗಳೂ ಹೊರಬೀಳುತ್ತವೆ. ಅವು ಮತ್ತೆ ಬೇರೆ ಬೀಜಗಳನ್ನು ಒಡೆಯುತ್ತವೆ. ಇದೇ ಸರಪಳಿ ಕ್ರಿಯೆ. ನೆಲದಿಂದ ಅಗೆದು ತೆಗೆದ ಯುರೇನಿಯಂನಲ್ಲಿ ಹೀಗೆ ಸುಲಭವಾಗಿ ಒಡೆಯುವ ಭಾಗ ಶೇಕಡಾ 0.7 ಮಾತ್ರ. ಉಳಿದ ಶೇಕಡಾ 99.3 ಭಾಗ ಯುರೇನಿಯಂ-238. ನಿಧಾನಗತಿಯ ನ್ಯೂಟ್ರಾನ್‌ಗಳಿಗೆ ಅದು ಒಡೆಯುವುದಿಲ್ಲ.

ಸಮ್ಮಿಲನ ಇದಕ್ಕೆ ವಿರುದ್ಧವಾದ ಕ್ರಿಯೆ. ಜಲಜನಕದ ಎರಡು ಭಾರರೂಪಗಳಾದ ಡ್ಯೂಟೀರಿಯಂ ಮತ್ತು ಟ್ರಿಟಿಯಂ ಬೀಜಗಳು ಒಂದಾಗಿ ಹೀಲಿಯಂ ಆಗುತ್ತವೆ. ಇದಕ್ಕೆ 10 ಕೋಟಿ ಡಿಗ್ರಿಗೂ ಮೀರಿದ ಉಷ್ಣತೆ ಬೇಕು. ಒಂದು ಸಮ್ಮಿಲನದಿಂದ ದೊರೆಯುವ ಶಕ್ತಿ 17.6 ದಶಲಕ್ಷ ಎಲೆಕ್ಟ್ರಾನ್ ವೋಲ್ಟ್, ಅದರಲ್ಲಿ 14.1 ಭಾಗವನ್ನು ಹೊರಬೀಳುವ ಒಂದೇ ನ್ಯೂಟ್ರಾನ್ ಹೊತ್ತೊಯ್ಯುತ್ತದೆ. ಆ ನ್ಯೂಟ್ರಾನಿನ ವೇಗ ಸೆಕೆಂಡಿಗೆ ಸುಮಾರು 50,000 ಕಿಲೋಮೀಟರ್.

ಒಂದು ಘಟನೆಯಿಂದ ಸಿಗುವ ಶಕ್ತಿಯನ್ನು ಹೋಲಿಸಿದರೆ ವಿದಳನವು ಸಮ್ಮಿಲನಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಸಿರಿವಂತ. ಆದರೆ ಅದರ ನ್ಯೂಟ್ರಾನ್‌ಗಳಲ್ಲಿ ಬಹುಪಾಲು ಸರಪಳಿಯನ್ನು ಮುಂದುವರಿಸುವುದಕ್ಕೇ ವ್ಯಯವಾಗುತ್ತದೆ. ಸಮ್ಮಿಲನದಲ್ಲಿ ಶಕ್ತಿ ಕಡಿಮೆ, ಆದರೆ ನ್ಯೂಟ್ರಾನ್ ಯಥೇಚ್ಛ ಮತ್ತು ಅತಿ ವೇಗದ್ದು. ಒಂದರ ಕೊರತೆಯನ್ನು ಇನ್ನೊಂದರ ಸಮೃದ್ಧಿಯಿಂದ ತುಂಬಿಕೊಳ್ಳುವುದೇ ಸಂಕರದ ತತ್ವ.

ಒಲೆ, ಹಸಿ ಸೌದೆ, ಊದುಗೊಳವೆ

ಸಂಕರ ಸ್ಥಾವರದ ನಡುವೆ ಸಮ್ಮಿಲನದ ಕೋಣೆ ಇರುತ್ತದೆ. ಅದರ ಸುತ್ತ ಯುರೇನಿಯಂ-238, ಥೋರಿಯಂ ಅಥವಾ ಬಳಸಿದ ಇಂಧನದಿಂದ ಬೇರ್ಪಡಿಸಿದ ಪ್ಲುಟೋನಿಯಂ ಮೊದಲಾದ ಧಾತುಗಳ ಹೊದಿಕೆ ಇರುತ್ತದೆ. ಒಳಗಿನ ವೇಗದ ನ್ಯೂಟ್ರಾನ್‌ಗಳು ಹೊದಿಕೆಗೆ ಅಪ್ಪಳಿಸಿ, ನಿಧಾನ ನ್ಯೂಟ್ರಾನ್‌ಗಳಿಗೆ ಬಗ್ಗದ ಯುರೇನಿಯಂ-238 ಅನ್ನೂ ಒಡೆಯುತ್ತವೆ. ಥೋರಿಯಂ-232 ಒಂದು ನ್ಯೂಟ್ರಾನ್ ಹೀರಿಕೊಂಡು, ಸುಮಾರು 27 ದಿನಗಳ ಅರ್ಧಾಯುವುಳ್ಳ ಪ್ರೊಟಾಕ್ಟಿನಿಯಂ-233ರ ಹಂತವನ್ನು ದಾಟಿ, ಇಂಧನಯೋಗ್ಯವಾದ ಯುರೇನಿಯಂ-233 ಆಗುತ್ತದೆ.

ಇಂದಿನ ರಿಯಾಕ್ಟರಿನಲ್ಲಿ ಸರಪಳಿ ತಾನಾಗಿಯೇ ನಡೆಯುತ್ತದೆ. ಅದನ್ನು ಹತೋಟಿಯಲ್ಲಿಡುವುದು ಚಾಲಕರ ಕೆಲಸ. ಸಂಕರ ಸ್ಥಾವರದ ಹೊದಿಕೆಯಲ್ಲಿ ಸರಪಳಿ ತಾನಾಗಿ ನಿಲ್ಲದಷ್ಟು ಇಂಧನವಿರುವುದಿಲ್ಲ. ಒಂದು ಪೀಳಿಗೆಯ 100 ನ್ಯೂಟ್ರಾನ್‌ಗಳಿಂದ ಮುಂದಿನ ಪೀಳಿಗೆಗೆ 95 ಮಾತ್ರ ಹುಟ್ಟುವಂತೆ ವಿನ್ಯಾಸ ಮಾಡಿದರೆ, ಹೊರಗಿನಿಂದ ನ್ಯೂಟ್ರಾನ್ ಬರುತ್ತಿರುವವರೆಗೆ ಕ್ರಿಯೆ ನಡೆಯುತ್ತದೆ, ಬರುವುದು ನಿಂತರೆ ಕ್ಷೀಣಿಸಿ ನಿಲ್ಲುತ್ತದೆ. ಮಳೆಗಾಲದಲ್ಲಿ ಹಸಿ ಸೌದೆಯ ಒಲೆ ಹಚ್ಚಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಊದುಗೊಳವೆಯಿಂದ ಊದುತ್ತಿರುವಷ್ಟು ಹೊತ್ತು ಜ್ವಾಲೆ. ಊದುವುದು ನಿಂತರೆ ಜ್ವಾಲೆಯೂ ಇಲ್ಲ. ಚೆರ್ನೋಬಿಲ್‌ನಲ್ಲಿ 1986ರಲ್ಲಿ ಆದಂತೆ ಸರಪಳಿ ಕೈಮೀರಿ ಧಾವಿಸುವ ಅಪಾಯ ಇಂತಹ ವಿನ್ಯಾಸದಲ್ಲಿ ಬಹಳ ಕಡಿಮೆ. ಇದು ಸಂಕರದ ನಿಜವಾದ ಗುಣ. ವಿರೋಧಿಸುವವರೂ ಇದನ್ನು ಒಪ್ಪಿಕೊಂಡೇ ಚರ್ಚಿಸಬೇಕು.

ಎಪ್ಪತ್ತು ವರ್ಷಗಳ ಹಳೆಯ ಕನಸು

ಈ ವಿಚಾರ ಹೊಸತಲ್ಲ. ಸೋವಿಯತ್ ವಿಜ್ಞಾನಿ ಆಂದ್ರೇ ಸಖರೋವ್ ಅವರು 1950ರ ದಶಕದ ಆರಂಭದಲ್ಲೇ ಇದನ್ನು ಸೂಚಿಸಿದ್ದರು. ನೊಬೆಲ್ ಪುರಸ್ಕೃತ ಹಾನ್ಸ್ ಬೇಥೆ ಅವರು 1979ರಲ್ಲಿ ಇದರ ಪರವಾಗಿ ಬರೆದರು. ಟೆಕ್ಸಾಸ್ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು 2009ರಲ್ಲಿ ತ್ಯಾಜ್ಯ ಸುಡುವ ಕಿರುಗಾತ್ರದ ಸಂಕರ ಯಂತ್ರವೊಂದರ ವಿನ್ಯಾಸ ಮುಂದಿಟ್ಟರು; ಆ ತಂಡದಲ್ಲಿ ಭಾರತ ಮೂಲದ ಸ್ವದೇಶ್ ಮಹಾಜನ್ ಅವರೂ ಇದ್ದರು. ಮಾಸ್ಕೋದ ಕುರ್ಚಾತೋವ್ ಸಂಸ್ಥೆಯಲ್ಲಿ 2021ರಲ್ಲಿ ಆರಂಭವಾದ ಟಿ-15ಎಂಡಿ ಯಂತ್ರದ ಉದ್ದೇಶಗಳಲ್ಲಿ ಸಂಕರ ಸ್ಥಾವರದ ಸಿದ್ಧತೆಯೂ ಒಂದು. ಚೀನಾದ ಜಿಯಾಂಗ್‌ಷಿ ಪ್ರಾಂತ್ಯದಲ್ಲಿ 100 ಮೆಗಾವಾಟ್‌ನ ಸಂಕರ ಸ್ಥಾವರ ಕಟ್ಟುವ ಒಪ್ಪಂದ 2023ರಲ್ಲಿ ಪ್ರಕಟವಾಯಿತು.

ಆದರೆ ಈ ತತ್ವ ಮೊದಲು ಕಾರ್ಯರೂಪಕ್ಕೆ ಬಂದದ್ದು ವಿದ್ಯುತ್ತಿಗಾಗಿ ಅಲ್ಲ, ಬಾಂಬಿನಲ್ಲಿ. ಅಮೆರಿಕವು 1954ರ ಮಾರ್ಚ್ 1ರಂದು ಬಿಕಿನಿ ಹವಳದ್ವೀಪದಲ್ಲಿ ಸಿಡಿಸಿದ ಬ್ರಾವೊ ಎಂಬ ಜಲಜನಕ ಬಾಂಬಿನ ಸಾಮರ್ಥ್ಯ 15 ಮೆಗಾಟನ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಶಕ್ತಿ ಬಂದದ್ದು ಸಮ್ಮಿಲನದ ನ್ಯೂಟ್ರಾನ್‌ಗಳು ಸುತ್ತಲಿನ ಯುರೇನಿಯಂ ಕವಚವನ್ನು ಒಡೆದದ್ದರಿಂದ. ರೊಂಗೆಲಾಪ್ ದ್ವೀಪದ ಜನರ ಮೇಲೂ, ಜಪಾನಿನ ಮೀನುಗಾರರ ದೋಣಿಯ ಮೇಲೂ ಸುರಿದ ವಿಕಿರಣಶೀಲ ಬೂದಿಯ ಮೂಲ ಮುಖ್ಯವಾಗಿ ಆ ವಿದಳನವೇ. ಸ್ಥಾವರವು ಬಾಂಬಿನಂತೆ ಸಿಡಿಯುತ್ತದೆ ಎಂದು ಇದರ ಅರ್ಥವಲ್ಲ. ಸಮ್ಮಿಲನವನ್ನು ಯುರೇನಿಯಂನಿಂದ ಸುತ್ತಿದ ಕ್ಷಣದಿಂದ, ಬೂದಿಯಿಲ್ಲದ ಶುದ್ಧ ಶಕ್ತಿ ಎಂಬ ಮಾತು ಅದಕ್ಕೆ ಅನ್ವಯಿಸುವುದಿಲ್ಲ ಎಂಬುದಷ್ಟೇ ಇದರ ಪಾಠ.

ಆಗಿರುವುದೆಷ್ಟು?

ಸಂಕರ ಸ್ಥಾವರದ ಊದುಗೊಳವೆ ಎಂದರೆ ಸಮ್ಮಿಲನ ಯಂತ್ರ. ಅದು ಎಷ್ಟು ಸಿದ್ಧವಾಗಿದೆ? ಇಂಗ್ಲೆಂಡಿನ ಕಲ್ಹಮ್‌ನಲ್ಲಿದ್ದ ಜೆಟ್ ಯಂತ್ರವು 2023ರಲ್ಲಿ ಸುಮಾರು ಐದಾರು ಸೆಕೆಂಡುಗಳಲ್ಲಿ 69 ಮೆಗಾಜೂಲ್ ಶಕ್ತಿ ನೀಡಿತು. ಮನೆಯ ವಿದ್ಯುತ್ ಬಿಲ್ಲಿನ ಭಾಷೆಯಲ್ಲಿ ಹೇಳುವುದಾದರೆ ಅದು 19 ಯೂನಿಟ್‌ಗಳಿಗೆ ಸಮನಾದ ಶಾಖ. ಅಮೆರಿಕದ ಲಿವರ್‌ಮೋರ್ ಪ್ರಯೋಗಾಲಯದಲ್ಲಿ 2022ರ ಡಿಸೆಂಬರ್ 5ರಂದು 2.05 ಮೆಗಾಜೂಲ್ ಲೇಸರ್ ಶಕ್ತಿಯನ್ನು ಇಂಧನದ ಗುಳಿಗೆಯ ಮೇಲೆ ಹಾಯಿಸಿದಾಗ 3.15 ಮೆಗಾಜೂಲ್ ಹೊರಬಂತು. ಇದು ವಿಜ್ಞಾನದ ದೊಡ್ಡ ಸಾಧನೆ. ಆದರೆ ಆ ಫಲ ಒಂದು ಯೂನಿಟ್‌ಗಿಂತ ಕಡಿಮೆ. ಲೇಸರ್‌ಗಳನ್ನು ಸಜ್ಜುಗೊಳಿಸಲು ವಿದ್ಯುತ್ ಜಾಲದಿಂದ ಪಡೆದದ್ದು ಸುಮಾರು 300 ಮೆಗಾಜೂಲ್, ಅಂದರೆ 80 ಯೂನಿಟ್‌ಗೂ ಹೆಚ್ಚು. ನಂತರದ ಪ್ರಯೋಗಗಳಲ್ಲಿ ಫಲ ಹೆಚ್ಚಿದೆಯಾದರೂ ಈ ಅಂತರ ತುಂಬಿಲ್ಲ.

ಭಾರತವೂ ಸೇರಿದಂತೆ ಏಳು ಸದಸ್ಯರು ಕೂಡಿ ಫ್ರಾನ್ಸಿನ ಕಡರಾಷ್‌ನಲ್ಲಿ ಕಟ್ಟುತ್ತಿರುವ ಐಟರ್ ಯಂತ್ರದ ಗುರಿ, 50 ಮೆಗಾವಾಟ್ ಶಾಖ ಕೊಟ್ಟು 500 ಮೆಗಾವಾಟ್ ಪಡೆಯುವುದು. ಅದರ ಬೃಹತ್ ಶೀತಲ ಕವಚ ತಯಾರಾದದ್ದು ಗುಜರಾತಿನ ಹಜೀರಾದಲ್ಲಿ. ಆರಂಭದಲ್ಲಿ 2016ಕ್ಕೆ ಚಾಲನೆ ಎಂದಿದ್ದ ಯೋಜನೆಯ ವೇಳಾಪಟ್ಟಿ 2024ರಲ್ಲಿ ಮತ್ತೆ ಬದಲಾಯಿತು. ಅದರಂತೆ ಡ್ಯೂಟೀರಿಯಂ-ಟ್ರಿಟಿಯಂ ಪ್ರಯೋಗ ಆರಂಭವಾಗುವುದು 2039ರಲ್ಲಿ. ಅದೂ ವಿದ್ಯುತ್ ಉತ್ಪಾದಿಸುವ ಯಂತ್ರವಲ್ಲ.

ಸಂಕರದ ಪ್ರತಿಪಾದಕರು ಇಲ್ಲಿ ಒಂದು ನ್ಯಾಯವಾದ ಮಾತು ಹೇಳುತ್ತಾರೆ. ಹೊದಿಕೆಯೇ ಶಕ್ತಿಯನ್ನು ಹಲವು ಪಟ್ಟು ಹೆಚ್ಚಿಸುವುದರಿಂದ ಒಳಗಿನ ಸಮ್ಮಿಲನ ಪರಿಪೂರ್ಣವಾಗಬೇಕಿಲ್ಲ, ಸಾಧಾರಣವಾಗಿದ್ದರೂ ಸಾಕು ಎಂಬುದು ಆ ಮಾತು. ಆದರೆ ವಿದ್ಯುತ್ ಸ್ಥಾವರ ತಿಂಗಳುಗಟ್ಟಲೆ ಎಡೆಬಿಡದೆ ನಡೆಯಬೇಕು. ಫ್ರಾನ್ಸಿನ ವೆಸ್ಟ್ ಯಂತ್ರವು 2025ರ ಫೆಬ್ರವರಿಯಲ್ಲಿ ಪ್ಲಾಸ್ಮಾವನ್ನು 1337 ಸೆಕೆಂಡು, ಅಂದರೆ 22 ನಿಮಿಷ, ಹಿಡಿದಿಟ್ಟಿತು. ಅದರಲ್ಲಿ ಟ್ರಿಟಿಯಂ ಇರಲಿಲ್ಲ. ಜಗತ್ತಿನ ಯಾವ ಸಂಕರ ಸ್ಥಾವರವೂ ಈವರೆಗೆ ಒಂದು ಮನೆಯ ದೀಪವನ್ನೂ ಬೆಳಗಿಸಿಲ್ಲ.

ಮಿಶ್ರತಳಿಯ ಪಾಠ

ಸಂಕರ ಎಂಬ ಪದ ಕೃಷಿಕರಿಗೆ ಹೊಸತಲ್ಲ. ಮಲೆನಾಡ ಗಿಡ್ಡ ಹಸುವಿನ ಕೊಟ್ಟಿಗೆಗೆ ಜರ್ಸಿ ಮಿಶ್ರತಳಿ ಬಂದಾಗ ಹಾಲು ಹೆಚ್ಚಿತು ನಿಜ. ಅದರೊಡನೆ ಹಿಂಡಿಯ ಖರ್ಚು, ಕೊಟ್ಟಿಗೆಯ ಕಟ್ಟುನಿಟ್ಟು, ವೈದ್ಯರ ಅವಲಂಬನೆ ಇವೂ ಬಂದವು. ಗುಡ್ಡ ಹತ್ತಿ ಮೇದು ಬರುವ ಗುಣ ಕಡಿಮೆಯಾಯಿತು. ಹಾಲಿನ ಲೆಕ್ಕ ಬರೆದವರು ಹಿಂಡಿಯ ಲೆಕ್ಕವನ್ನೂ ಬರೆದಾಗಲೇ ಆ ಹಸು ಯಾವ ಮನೆಗೆ ಒಗ್ಗುತ್ತದೆ, ಯಾವ ಮನೆಗೆ ಒಗ್ಗುವುದಿಲ್ಲ ಎಂಬುದು ತಿಳಿದದ್ದು. ಸಂಕರ ಸ್ಥಾವರವನ್ನೂ ಹೀಗೆಯೇ ತೂಗಬೇಕು. ಎರಡೂ ಕಡೆಯ ಗುಣಗಳನ್ನು ಪಟ್ಟಿ ಮಾಡುವವರು ಎರಡೂ ಕಡೆಯ ಋಣಗಳನ್ನೂ ಪಟ್ಟಿ ಮಾಡಬೇಕು.

ಮೊದಲ ಋಣ ಕೆಂಡದ್ದು. ಊದುವುದು ನಿಂತಾಗ ಜ್ವಾಲೆ ಆರುತ್ತದೆ, ಕೆಂಡ ಆರುವುದಿಲ್ಲ. ವಿದಳನದ ಹೋಳುಗಳು ಸರಪಳಿ ನಿಂತ ಮೇಲೂ ಕ್ಷಯಿಸುತ್ತಾ ಬಿಸಿ ಕೊಡುತ್ತಲೇ ಇರುತ್ತವೆ. ನಿಲುಗಡೆಯ ಕ್ಷಣದಲ್ಲಿ ಈ ಬಿಸಿ ಪೂರ್ಣ ಶಾಖದ ಶೇಕಡಾ 6ರಷ್ಟಿರುತ್ತದೆ. 3000 ಮೆಗಾವಾಟ್ ಶಾಖದ ಸ್ಥಾವರದಲ್ಲಿ ಅದು 180 ಮೆಗಾವಾಟ್. ಒಂದು ದಿನದ ನಂತರವೂ ಸುಮಾರು 15 ಮೆಗಾವಾಟ್. ಫುಕುಶಿಮಾದಲ್ಲಿ 2011ರ ಮಾರ್ಚ್ 11ರಂದು ಭೂಕಂಪವಾದೊಡನೆ ಚಾಲನೆಯಲ್ಲಿದ್ದ ರಿಯಾಕ್ಟರುಗಳು ತಾವಾಗಿಯೇ ನಿಂತಿದ್ದವು. ಸುನಾಮಿಯಿಂದ ತಂಪುಗೊಳಿಸುವ ವ್ಯವಸ್ಥೆ ಕೈಕೊಟ್ಟಾಗ ಮೂರು ರಿಯಾಕ್ಟರುಗಳ ಗರ್ಭ ಕರಗಿದ್ದು ಈ ಕೆಂಡದ ಬಿಸಿಯಿಂದ. ಗುಂಡಿ ಒತ್ತಿದರೆ ನಿಲ್ಲುತ್ತದೆ ಎಂಬ ಭರವಸೆ ಈ ಬಿಸಿಗೆ ಅನ್ವಯಿಸುವುದಿಲ್ಲ. ಅದಕ್ಕೆ ನೀರು ಬೇಕು, ಪಂಪು ಬೇಕು, ಪಂಪಿಗೆ ವಿದ್ಯುತ್ ಬೇಕು.

ಎರಡನೆಯ ಋಣ ಬೂದಿಯದು. ಸಂಕರ ಯಂತ್ರವು ಪ್ಲುಟೋನಿಯಂ, ಅಮೆರಿಸಿಯಂ ಮೊದಲಾದ ಭಾರಧಾತುಗಳನ್ನು ಒಡೆದು ಕಡಿಮೆ ಮಾಡಬಲ್ಲದು. ಪ್ಲುಟೋನಿಯಂ-239ರ ಅರ್ಧಾಯು ಸುಮಾರು 24,000 ವರ್ಷ ಎಂಬುದನ್ನು ನೆನೆದರೆ ಇದು ಸಣ್ಣ ಲಾಭವಲ್ಲ. ಆದರೆ ಒಡೆಯುವುದೆಂದರೆ ಇಲ್ಲವಾಗಿಸುವುದಲ್ಲ. ಒಂದು ಗ್ರಾಂ ಧಾತು ಪೂರ್ಣ ಒಡೆದರೆ ಒಂದು ಮೆಗಾವಾಟ್ ಶಾಖ ಒಂದು ದಿನ ದೊರೆಯುತ್ತದೆ, ಹೆಚ್ಚುಕಡಿಮೆ ಒಂದು ಗ್ರಾಂ ಬೂದಿಯೂ ಉಳಿಯುತ್ತದೆ. 3000 ಮೆಗಾವಾಟ್ ಶಾಖಕ್ಕೆ ದಿನಕ್ಕೆ ಸುಮಾರು 3 ಕಿಲೋ, ವರ್ಷಕ್ಕೆ ಒಂದು ಟನ್ ಬೂದಿ. ಇದರಲ್ಲಿ ಸೀಸಿಯಂ-137 ಮತ್ತು ಸ್ಟ್ರಾಂಷಿಯಂ-90ರ ಅರ್ಧಾಯು ಸುಮಾರು 30 ವರ್ಷ. ಸಾವಿರದಲ್ಲೊಂದು ಪಾಲಿಗೆ ಇಳಿಯಲು 300 ವರ್ಷ ಬೇಕು. ಟೆಕ್ನೀಷಿಯಂ-99ರ ಅರ್ಧಾಯು ಎರಡು ಲಕ್ಷ ವರ್ಷಗಳಿಗೂ ಹೆಚ್ಚು. ಸ್ಟ್ರಾಂಷಿಯಂ ಸುಣ್ಣದಂತೆ ವರ್ತಿಸಿ ಮೂಳೆ ಸೇರುತ್ತದೆ. ಸೀಸಿಯಂ ಪೊಟ್ಯಾಷ್‌ನಂತೆ ವರ್ತಿಸಿ ಬೇರಿನಿಂದ ಎಲೆಗೆ, ಎಲೆಯಿಂದ ಹಾಲಿಗೆ ಸಾಗುತ್ತದೆ. ಹುಳಿಮಣ್ಣಿನಲ್ಲಿ, ಪೊಟ್ಯಾಷ್ ಕೊರತೆಯಿರುವ ನೆಲದಲ್ಲಿ ಈ ಸಾಗಾಟ ಹೆಚ್ಚು. ಮಲೆನಾಡಿನ ಮಣ್ಣು ಬಹುಮಟ್ಟಿಗೆ ಅಂತಹದೇ.

ಮೂರನೆಯ ಋಣ ಸಮ್ಮಿಲನದ ಕಡೆಯಿಂದ ಬಂದದ್ದು, ಟ್ರಿಟಿಯಂನದು. ಇದರ ಅರ್ಧಾಯು 12.3 ವರ್ಷ. 1000 ಮೆಗಾವಾಟ್ ಸಮ್ಮಿಲನ ಶಾಖಕ್ಕೆ ವರ್ಷಕ್ಕೆ ಸುಮಾರು 55 ಕಿಲೋ ಬೇಕು. ಜಗತ್ತಿನ ನಾಗರಿಕ ಬಳಕೆಯ ದಾಸ್ತಾನು ಕೆಲವು ಹತ್ತು ಕಿಲೋಗಳಷ್ಟೇ. ಅದರಲ್ಲಿ ಹೆಚ್ಚಿನದು ಕೆನಡಾದ ಭಾರಜಲ ರಿಯಾಕ್ಟರುಗಳಿಂದ ಬಂದದ್ದು. ಸಂಕರ ಯಂತ್ರಕ್ಕೆ ಸಮ್ಮಿಲನ ಕಡಿಮೆ ಸಾಕಾದ್ದರಿಂದ ಟ್ರಿಟಿಯಂ ಕೂಡ ಕಡಿಮೆ ಸಾಕು. ಆದರೂ ಅದನ್ನು ಲಿಥಿಯಂನಿಂದ ಸ್ಥಾವರದೊಳಗೇ ಉತ್ಪಾದಿಸಿ, ಒಂದಿಷ್ಟೂ ಸೋರದಂತೆ ನೋಡಿಕೊಳ್ಳಬೇಕು. ಟ್ರಿಟಿಯಂನ ವಿಕಿರಣ ಚರ್ಮವನ್ನು ದಾಟದಷ್ಟು ದುರ್ಬಲ. ಆದರೆ ಅದು ಜಲಜನಕದ ಒಡಹುಟ್ಟು. ನೀರು ಹೋದಲ್ಲೆಲ್ಲ ಹೋಗುತ್ತದೆ, ಎಲೆಯ ಮೂಲಕ ಸಸ್ಯದ ಸಾವಯವ ಅಂಶವನ್ನೂ ಸೇರುತ್ತದೆ. 2009ರ ನವೆಂಬರಿನಲ್ಲಿ ಕೈಗಾ ಸ್ಥಾವರದ ಕುಡಿಯುವ ನೀರಿನ ಕೂಲರ್ ಒಂದರಲ್ಲಿ ಟ್ರಿಟಿಯಂ ಬೆರೆತು 50ಕ್ಕೂ ಹೆಚ್ಚು ಸಿಬ್ಬಂದಿಯ ದೇಹ ಸೇರಿತ್ತು. ಒಳಗಿನವರೇ ಯಾರೋ ಬೆರೆಸಿದ್ದೆಂದು ಅಧಿಕಾರಿಗಳು ಹೇಳಿದರು. ಯಂತ್ರ ದೋಷರಹಿತವಾಗಿದ್ದರೂ ಮನುಷ್ಯರ ನಡುವೆಯೇ ಅದು ನಡೆಯಬೇಕೆಂಬುದಕ್ಕೆ ಈ ಪ್ರಸಂಗ ಸಾಕ್ಷಿ.

ಇದರ ಜೊತೆಗೆ ಅಸ್ತ್ರದ ಪ್ರಶ್ನೆ. ಯುರೇನಿಯಂ-238ರ ಹೊದಿಕೆಯಲ್ಲಿ ಪ್ಲುಟೋನಿಯಂ ಹುಟ್ಟುತ್ತದೆ. ಇಂಧನ ತಯಾರಿಸುವ ಯಂತ್ರವೇ ಬಾಂಬಿನ ಸಾಮಗ್ರಿಯನ್ನೂ ತಯಾರಿಸಬಲ್ಲದು. ಆದ್ದರಿಂದ ಇಂತಹ ಸ್ಥಾವರದ ಸುತ್ತ ಗೋಪ್ಯತೆಯ ಗೋಡೆ ಎತ್ತರವಾಗಿಯೇ ಇರುತ್ತದೆ; ನೆರೆಯ ಹಳ್ಳಿಗೆ ಮಾಹಿತಿ ದೊರೆಯುವುದು ಅಷ್ಟೇ ಕಷ್ಟವಾಗುತ್ತದೆ.

ನಾಳಿನ ಯಂತ್ರ, ಇಂದಿನ ನಿರ್ಧಾರ

ಸಂಶೋಧನೆ ನಡೆಯಬಾರದೆಂದು ಯಾರೂ ಹೇಳುವುದಿಲ್ಲ. ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಲ್ಲಿ 1989ರಿಂದ ಆದಿತ್ಯ ಯಂತ್ರದ ಮೂಲಕ ಗಂಭೀರ ಕೆಲಸ ನಡೆದಿದೆ. ಅದು ಮುಂದುವರಿಯಬೇಕು. ಮಲೆನಾಡಿನ ವಿದ್ಯಾರ್ಥಿಗಳೂ ಅಲ್ಲಿಗೆ ಹೋಗಬೇಕು. ತಕರಾರು ಇರುವುದು ಬೇರೆಡೆ. ಇನ್ನೂ ಹುಟ್ಟದ ಯಂತ್ರದ ಹೆಸರಿನಲ್ಲಿ ಇಂದಿನ ಸಾಲ ತೀರಿತೆಂದು ಬರೆದುಕೊಳ್ಳುವುದು ಸರಿಯಲ್ಲ.

ಹೋಮಿ ಭಾಭಾ ಅವರು 1955ರ ಜಿನೀವಾ ಸಮ್ಮೇಳನದ ಅಧ್ಯಕ್ಷಪೀಠದಿಂದ, ಎರಡು ದಶಕಗಳೊಳಗೆ ಸಮ್ಮಿಲನ ಶಕ್ತಿಯನ್ನು ಹತೋಟಿಗೆ ತರುವ ದಾರಿ ದೊರೆಯುತ್ತದೆಂದು ಭವಿಷ್ಯ ನುಡಿದಿದ್ದರು. ಏಳು ದಶಕಗಳು ಕಳೆದಿವೆ. ಥೋರಿಯಂ ಬಳಕೆಗೆ ಮುನ್ನ ದಾಟಬೇಕಾದ ಎರಡನೆಯ ಹಂತವಾಗಿ ಕಲ್ಪಾಕ್ಕಂನಲ್ಲಿ 500 ಮೆಗಾವಾಟ್‌ನ ವೇಗದ ಈನುವ ರಿಯಾಕ್ಟರಿನ ನಿರ್ಮಾಣ 2004ರಲ್ಲಿ ಆರಂಭವಾಯಿತು. 2010ಕ್ಕೆ ಸಿದ್ಧವಾಗಬೇಕಿದ್ದ ಅದರ ಗರ್ಭ ತುಂಬುವ ಕೆಲಸಕ್ಕೆ ಚಾಲನೆ ದೊರೆತದ್ದು 2024ರ ಮಾರ್ಚಿನಲ್ಲಿ. ವಿಜ್ಞಾನಿಗಳ ಸಾಮರ್ಥ್ಯವನ್ನು ಹೀಯಾಳಿಸಲು ಈ ದಿನಾಂಕಗಳನ್ನು ಹೇಳುತ್ತಿಲ್ಲ. ಕಠಿಣವಾದ ಕೆಲಸ ತನ್ನ ಕಾಲವನ್ನು ತೆಗೆದುಕೊಳ್ಳುತ್ತದೆ. ಆದರೆ ತ್ಯಾಜ್ಯದ ಕಾಲ ಅದಕ್ಕಾಗಿ ಕಾಯುವುದಿಲ್ಲ. 2025ರ ಫೆಬ್ರವರಿಯ ಕೇಂದ್ರ ಆಯವ್ಯಯದಲ್ಲಿ 2047ರ ವೇಳೆಗೆ ಒಂದು ಲಕ್ಷ ಮೆಗಾವಾಟ್ ಅಣುವಿದ್ಯುತ್ತಿನ ಗುರಿ ಪ್ರಕಟವಾಯಿತು. ಆ ಗುರಿಯ ಕಡೆಗೆ ಇಡುವ ಪ್ರತಿ ಹೆಜ್ಜೆಯಲ್ಲೂ ಬಳಸಿದ ಇಂಧನದ ರಾಶಿ ಬೆಳೆಯುತ್ತದೆ. ಅದನ್ನು ಸುಡುವ ಯಂತ್ರ ಮಾತ್ರ ಕಾಗದದ ಮೇಲೆ ಉಳಿದಿದೆ.

ಕೈಗಾದ ಅನುಭವ ಇಲ್ಲಿ ಉಪಯುಕ್ತ. ಅಲ್ಲಿನ ಮೊದಲ ಘಟಕ 2018ರಲ್ಲಿ 962 ದಿನಗಳ ನಿರಂತರ ಚಾಲನೆಯ ದಾಖಲೆ ಮಾಡಿತು, ಅದನ್ನು ಮೆಚ್ಚಬೇಕು. ಅದೇ ಘಟಕದ ನಿರ್ಮಾಣ ಹಂತದಲ್ಲಿ, 1994ರ ಮೇ 13ರಂದು, ಒಳಗುಮ್ಮಟದ ಕಾಂಕ್ರೀಟ್ ಕುಸಿದಿತ್ತು, ಅದನ್ನೂ ಮರೆಯಬಾರದು. ಸ್ಥಾವರ ಕಟ್ಟುವ ಮುನ್ನ ಎದ್ದ ಪ್ರಶ್ನೆಗಳಿಗೆ ಧ್ವನಿ ಕೊಡಲು ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿ, 1989ರಲ್ಲಿ, ಲೋಕಸಭಾ ಚುನಾವಣೆಗೆ ನಿಂತು ಸೋತರು. ಅವರು ಸೋತ ಮಾತ್ರಕ್ಕೆ ಆ ಪ್ರಶ್ನೆಗಳು ಸೋಲಲಿಲ್ಲ. ಕದ್ರಾ ಜಲಾಶಯಕ್ಕೆ ಮರಳುವ ಬಿಸಿನೀರು, ಘಟ್ಟದ ಕಾಡನ್ನು ಸೀಳಿ ಸಾಗುವ 400 ಕಿಲೋವೋಲ್ಟ್ ತಂತಿಮಾರ್ಗ ಇವು ಇಂದಿಗೂ ಎದುರಿಗಿವೆ. ಸ್ಥಾವರ ಸಂಕರವಾಗಲಿ, ಶುದ್ಧ ವಿದಳನದ್ದಾಗಲಿ, ಉಗಿಯಿಂದ ಟರ್ಬೈನ್ ತಿರುಗಿಸುವವರೆಗೆ ಶಾಖದ ಸುಮಾರು ಮೂರನೆಯ ಎರಡು ಭಾಗ ನೀರಿಗೋ ಗಾಳಿಗೋ ಹೋಗಲೇಬೇಕು.

ಕೇಳಬೇಕಾದ ಪ್ರಶ್ನೆಗಳು

ಆದ್ದರಿಂದ ಸಾರ್ವಜನಿಕ ವಿಚಾರಣೆಯಲ್ಲಾಗಲಿ, ಗ್ರಾಮಸಭೆಯಲ್ಲಾಗಲಿ ಸಂಕರ ಸ್ಥಾವರದ ಮಾತು ಬಂದಾಗ ಐದು ಪ್ರಶ್ನೆಗಳನ್ನು ಲಿಖಿತವಾಗಿ ಕೇಳಬೇಕು. ಒಂದು, ಇಂತಹ ಯಂತ್ರ ಜಗತ್ತಿನಲ್ಲಿ ಎಲ್ಲಿ, ಎಷ್ಟು ಕಾಲ ನಡೆದು ವಿದ್ಯುತ್ ಕೊಟ್ಟಿದೆ? ಎರಡು, ಯಂತ್ರ ನಿಂತ ಮೇಲೆ ಹೊದಿಕೆಯನ್ನು ತಂಪಾಗಿಡಲು ಎಷ್ಟು ನೀರು, ಎಷ್ಟು ದಿನ ಬೇಕು, ಬೇಸಿಗೆಯಲ್ಲಿ ಅದು ಎಲ್ಲಿಂದ ಬರುತ್ತದೆ? ಮೂರು, ವರ್ಷಕ್ಕೆ ಎಷ್ಟು ಬೂದಿ, ಅದನ್ನು ಇಡುವ ಸ್ಥಳ ಯಾವುದು, ಕಾಯುವವರು ಯಾರು? ನಾಲ್ಕು, ಟ್ರಿಟಿಯಂನ ದಾಸ್ತಾನು ಎಷ್ಟು. ಹಾಲು, ಅಕ್ಕಿ, ಬಾವಿನೀರಿನ ಪರೀಕ್ಷೆಯ ಫಲಿತಾಂಶ ಕನ್ನಡದಲ್ಲಿ, ಕಾಲಕಾಲಕ್ಕೆ, ಪಂಚಾಯಿತಿಯ ಫಲಕದಲ್ಲಿ ಬರುತ್ತದೆಯೇ? ಐದು, ಹಾಳಾದಾಗ ಪರಿಹಾರದ ಹೊಣೆ ಯಾರದು?

ವಿದ್ಯಾರ್ಥಿಗಳು ಮಾಡಬಹುದಾದ ಇನ್ನೊಂದು ಕೆಲಸವಿದೆ. ಸ್ಥಾವರದ ನೆರೆಯ ಹಳ್ಳಿಗಳ ಮಣ್ಣು, ನೀರು, ಬೆಳೆಯ ಇಂದಿನ ಸ್ಥಿತಿಯನ್ನು ಕ್ರಮಬದ್ಧವಾಗಿ ದಾಖಲಿಸಿ ಇಡಬೇಕು. ಮೊದಲಿನ ಲೆಕ್ಕ ಇಲ್ಲದೆ ನಂತರದ ನಷ್ಟವನ್ನು ಯಾರೂ ಸಾಬೀತುಪಡಿಸಲಾರರು.

ಈ ಐದು ಪ್ರಶ್ನೆಗಳಿಗೆ ಅಂಕಿಸಂಖ್ಯೆಗಳ ಉತ್ತರ ದೊರೆಯುವವರೆಗೆ ಸಂಕರ ಸ್ಥಾವರವು ಒಂದು ಸಂಶೋಧನಾ ವಿಷಯ ಮಾತ್ರ. ಅದರ ಹೆಸರು ಹೇಳಿ ಒಂದು ಎಕರೆ ಕಾಡನ್ನಾಗಲಿ, ಒಂದು ಪೀಪಾಯಿ ತ್ಯಾಜ್ಯವನ್ನಾಗಲಿ ಒಪ್ಪಿಸಬೇಕಾದ ಕಾರಣ ಮಲೆನಾಡಿಗಿಲ್ಲ. ಬೆಳಕು ಯಾವ ಊರಿಗೆ ಹೋದರೂ ಬೂದಿ ಉಳಿಯುವುದು ಒಲೆ ಇರುವ ಊರಿನಲ್ಲಿಯೇ. ಅದರ ಲೆಕ್ಕ ಕೇಳುವ ಮೊದಲ ಹಕ್ಕು ಆ ಊರಿನದು.